ಒರೆಗಲ್ಲು, ತಕ್ಕಡಿ, ಕೊಳಗ: ಯೂನಿಕ್ಸ್ ಶೆಲ್‌ನ ಪರೀಕ್ಷಾ ಚಿಹ್ನೆಗಳ ಚರಿತ್ರೆ ಮತ್ತು ಕನ್ನಡ ಜಾನಪದ ಪಠ್ಯ

ಕರ್ನಾಟಕದಲ್ಲಿ ಉಲ್ಲಾಳ ಎಂಬ ಹೆಸರನ್ನು ಹೊತ್ತ ಎರಡು ಊರುಗಳು ಹೆಚ್ಚು ಪರಿಚಿತವಾಗಿವೆ. ಮೊದಲನೆಯದು ನೇತ್ರಾವತಿ ನದಿಯ ದಕ್ಷಿಣಕ್ಕೆ ಕಡಲ ಅಂಚಿನಲ್ಲಿರುವ ಊರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಹೆಸರಿನೊಡನೆ ಅದು ಬೆಸೆದುಕೊಂಡಿದೆ. ಎರಡನೆಯದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಜ್ಞಾನಭಾರತಿ ಮತ್ತು ಕೆಂಗೇರಿಯ ನೆರೆಯಲ್ಲಿದೆ. ಕೆರೆಯನ್ನು ನೆಚ್ಚಿದ ಹಳ್ಳಿಯಾಗಿದ್ದ ಅದು ಇಂದು ನಗರದೊಳಗೆ ಸೇರಿಹೋಗಿದೆ. ಈ ಎರಡನೆಯ ಊರಿನ ಹೆಸರನ್ನು ಕೆಲವರು ಉಲ್ಲಾಳ ಎಂದು ಬರೆದರೆ ಕೆಲವರು ಉಲ್ಲಾಳು ಎಂದು ಬರೆಯುತ್ತಾರೆ. ಊರಿನವರಿಗಾಗಲಿ ಸ್ಥಳನಾಮಗಳ ಅಧ್ಯಯನಕಾರರಿಗಾಗಲಿ ಇದರಿಂದ ಗೊಂದಲವಿಲ್ಲ. ಕಡಲ ಕರೆಯ ಉಲ್ಲಾಳವೂ ಕೆರೆಯ ಬದಿಯ ಉಲ್ಲಾಳವೂ ಬೇರೆ ಬೇರೆ. ಉಲ್ಲಾಳವೂ ಉಲ್ಲಾಳುವೂ ಒಂದೇ.

ಇದೇ ಪ್ರಶ್ನೆಯನ್ನು ಗಣಕದ ಮುಂದೆ ಇಟ್ಟಾಗ ಉತ್ತರ ತಿರುಗಿ ಬರುತ್ತದೆ. ಯೂನಿಕ್ಸ್ ಅಥವಾ ಲಿನಕ್ಸ್ ವ್ಯವಸ್ಥೆಯ ಶೆಲ್‌ನಲ್ಲಿ ಸಮಚಿಹ್ನೆಯನ್ನು ಬಳಸಿ ಎರಡು ಹೆಸರುಗಳನ್ನು ಪರೀಕ್ಷಿಸಿದರೆ, ಎರಡು ಬೇರೆ ಊರುಗಳು ಒಂದೇ ಎಂದೂ ಒಂದೇ ಊರಿನ ಎರಡು ರೂಪಗಳು ಬೇರೆ ಎಂದೂ ಅದು ಹೇಳುತ್ತದೆ. ಎರಡು ಉತ್ತರಗಳೂ ಅದರ ಮಟ್ಟಿಗೆ ಸರಿಯೇ. ಜಾನಪದ ಸಾಮಗ್ರಿ ಧ್ವನಿಸುರುಳಿಗಳಿಂದ ಮತ್ತು ಕೈಬರಹದ ಪುಸ್ತಕಗಳಿಂದ ಗಣಕದ ಕಡತಗಳಿಗೆ ವರ್ಗಾವಣೆಯಾಗುತ್ತಿರುವ ಈ ಕಾಲದಲ್ಲಿ, ಯಾವುದು ಉಳಿಯಬೇಕು, ಯಾವುದು ನಕಲೆಂದು ಅಳಿಯಬೇಕು ಎಂಬ ನಿರ್ಧಾರವನ್ನು ಅನೇಕ ವೇಳೆ ಇಂತಹ ಒಂದು ಸಾಲಿನ ಪರೀಕ್ಷೆಯೇ ಮಾಡುತ್ತದೆ. ಆದ್ದರಿಂದ ಈ ಪರೀಕ್ಷಾ ಚಿಹ್ನೆಗಳು ಹೇಗೆ ಹುಟ್ಟಿದವು, ಯಾವ ಪ್ರಶ್ನೆಗೆ ಉತ್ತರಿಸಬಲ್ಲವು, ಕನ್ನಡ ಪಠ್ಯದ ಮುಂದೆ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಷರತ್ತಿನ ಮಾತು

ಷರತ್ತು ಹಾಕಿ ಮಾತನಾಡುವುದು ಜನಪದರಿಗೆ ಹೊಸದಲ್ಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯಲ್ಲಿ ಮೊದಲ ಅರ್ಧ ಪರೀಕ್ಷೆ, ಎರಡನೆಯ ಅರ್ಧ ಫಲ. ಕನ್ನಡದಲ್ಲಿ ಕ್ರಿಯಾಪದಕ್ಕೆ ಸೇರುವ ‘-ಅರೆ’ ಎಂಬ ಪ್ರತ್ಯಯವೊಂದೇ ಈ ಸಂಬಂಧವನ್ನು ಕಟ್ಟಿಕೊಡುತ್ತದೆ. ಶೆಲ್ ಸ್ಕ್ರಿಪ್ಟಿನಲ್ಲಿ ಈ ಕೆಲಸಕ್ಕೆ ‘ಇಫ್’, ‘ದೆನ್’, ‘ಎಲ್ಸ್’, ‘ಫಿ’ ಎಂಬ ನಾಲ್ಕು ಪದಗಳಿವೆ. ಶೆಲ್ ಎಂದರೆ ಬಳಕೆದಾರ ಟೈಪು ಮಾಡಿದ ಕಮಾಂಡನ್ನು ಓದಿ ಅದನ್ನು ನಡೆಸುವ ಕ್ರಮವಿಧಿ; ಇಂತಹ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಸ್ಕ್ರಿಪ್ಟ್.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ‘ಇಫ್’ ಎಂಬುದು ಸ್ವತಃ ಏನನ್ನೂ ಪರೀಕ್ಷಿಸುವುದಿಲ್ಲ. ಅದು ಒಂದು ಕಮಾಂಡನ್ನು ನಡೆಸಿ, ಆ ಕಮಾಂಡು ಮುಗಿದಾಗ ಹಿಂದಿರುಗಿಸುವ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಆ ಸಂಖ್ಯೆ 0 ಆದರೆ ‘ಹೌದು’. ಬೇರೆ ಯಾವುದಾದರೂ ‘ಅಲ್ಲ’. ಸೊನ್ನೆಯನ್ನು ‘ಅಲ್ಲ’ ಎಂದು ತಿಳಿಯುವ ಇತರ ಗಣಕ ಭಾಷೆಗಳಿಂದ ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ಇದರ ಹಿಂದೆ ಸರಳವಾದ ತರ್ಕವಿದೆ: ಕೆಲಸ ಸರಿಯಾಗಿ ಆಗುವುದು ಒಂದೇ ಬಗೆಯಲ್ಲಿ, ಕೆಡುವುದು ಹಲವು ಬಗೆಗಳಲ್ಲಿ. ಕೆಟ್ಟ ಬಗೆಗಳನ್ನು ಎಣಿಸಲು ಉಳಿದೆಲ್ಲ ಸಂಖ್ಯೆಗಳು ಬೇಕು.

ಪರೀಕ್ಷೆಗೆಂದೇ ಇರುವ ಕಮಾಂಡಿನ ಹೆಸರು ‘ಟೆಸ್ಟ್’. ಅದರ ನಿಯಮದಂತೆ 0 ಎಂದರೆ ಹೌದು, 1 ಎಂದರೆ ಅಲ್ಲ, 1ಕ್ಕಿಂತ ಹೆಚ್ಚಿನದು ಬಂದರೆ ಪ್ರಶ್ನೆಯಲ್ಲೇ ದೋಷವಿದೆ ಎಂದರ್ಥ. ಗ್ರಾಮದೇವತೆಗಳ ಗುಡಿಯಲ್ಲಿ ಹೂಪ್ರಸಾದ ಕೇಳುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಬಲಗಡೆ ಹೂವು ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ನಿರಾಕರಣೆ. ಹೂವೇ ಬೀಳದಿದ್ದರೆ ಅದನ್ನು ನಿರಾಕರಣೆ ಎಂದು ಯಾರೂ ತಿಳಿಯುವುದಿಲ್ಲ. ಕಾಯುತ್ತಾರೆ, ಇಲ್ಲವೆ ಪ್ರಶ್ನೆಯನ್ನು ಬದಲಿಸಿ ಕೇಳುತ್ತಾರೆ. ‘ಇಫ್’ಗೆ ಈ ತಾಳ್ಮೆಯಿಲ್ಲ. ದೋಷದ ಸಂಖ್ಯೆಯನ್ನೂ ಅದು ‘ಅಲ್ಲ’ ಎಂದೇ ಓದಿ ‘ಎಲ್ಸ್’ ಭಾಗಕ್ಕೆ ಹೋಗುತ್ತದೆ. ಈ ಸಣ್ಣ ವ್ಯತ್ಯಾಸದ ಪರಿಣಾಮ ಮುಂದೆ ಸ್ಪಷ್ಟವಾಗುತ್ತದೆ.

2. ಹೊರಗಿನ ಕಮಾಂಡಿನಿಂದ ಆವರಣ ಚಿಹ್ನೆಗೆ

ಯೂನಿಕ್ಸ್ ವ್ಯವಸ್ಥೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಅವರ ಕೈಯಲ್ಲಿ ರೂಪುಗೊಳ್ಳತೊಡಗಿತು. 1971ರ ಮೊದಲ ಆವೃತ್ತಿಯೊಡನೆ ಬಂದದ್ದು ಥಾಂಪ್ಸನ್ ಬರೆದ ಶೆಲ್. ಆ ಕಾಲದ ಶೆಲ್‌ಗೆ ಷರತ್ತಿನ ಭಾಷೆಯೇ ಇರಲಿಲ್ಲ. ‘ಇಫ್’ ಎಂಬುದು ಶೆಲ್‌ನ ಹೊರಗಿನ ಪ್ರತ್ಯೇಕ ಕಮಾಂಡಾಗಿತ್ತು. ‘ಗೋಟು’ ಎಂಬುದೂ ಹೊರಗಿನದೇ. ಅದು ಸ್ಕ್ರಿಪ್ಟಿನ ಕಡತದಲ್ಲಿ ಗುರುತಿನ ಸಾಲನ್ನು ಹುಡುಕಿ, ಶೆಲ್ ಓದುತ್ತಿದ್ದ ಜಾಗವನ್ನೇ ಅಲ್ಲಿಗೆ ಸರಿಸಿಬಿಡುತ್ತಿತ್ತು. 1975ರ ಆರನೆಯ ಆವೃತ್ತಿಯ ‘ಇಫ್’ ಕಮಾಂಡು ಕಡತವನ್ನು ಓದಬಹುದೆ, ಬರೆಯಬಹುದೆ, ಎರಡು ಪದಗಳು ಒಂದೇ ಆಗಿವೆಯೆ ಎಂಬಂತಹ ಕೆಲವೇ ಪ್ರಶ್ನೆಗಳನ್ನು ಬಲ್ಲದಾಗಿತ್ತು. ಅದೇ ದಶಕದ ನಡುವಿನಲ್ಲಿ ಜಾನ್ ಮ್ಯಾಶೀ ಬೆಲ್ ಪ್ರಯೋಗಾಲಯದ ಇನ್ನೊಂದು ತಂಡಕ್ಕಾಗಿ ಶೆಲ್ಲನ್ನು ವಿಸ್ತರಿಸಿ ಷರತ್ತಿನ ರಚನೆಗಳನ್ನು ಒಳಗೆ ತಂದರು.

ನಿರ್ಣಾಯಕ ಬದಲಾವಣೆ ಬಂದದ್ದು 1979ರ ಏಳನೆಯ ಆವೃತ್ತಿಯಲ್ಲಿ. ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್, ‘ಇಫ್’ ಅನ್ನು ಭಾಷೆಯ ಅಂಗವಾಗಿಸಿ ಪರೀಕ್ಷೆಯನ್ನು ‘ಟೆಸ್ಟ್’ ಎಂಬ ಬೇರೆ ಕಮಾಂಡಿಗೆ ವಹಿಸಿತು. ಆಲ್ಗಾಲ್ 68 ಭಾಷೆಯ ಒಲವಿದ್ದ ಬೋರ್ನ್, ಆರಂಭದ ಪದವನ್ನು ತಿರುಗಿಸಿ ಮುಕ್ತಾಯದ ಪದವನ್ನು ಮಾಡಿದರು: ‘ಇಫ್’ ತಿರುಗಿ ‘ಫಿ’, ‘ಕೇಸ್’ ತಿರುಗಿ ‘ಎಸ್ಯಾಕ್’. ‘ಡು’ ಮಾತ್ರ ತಿರುಗಿ ‘ಓಡಿ’ ಆಗಲಿಲ್ಲ. ಆ ಹೆಸರಿನ ಕಮಾಂಡು ಅದಾಗಲೇ ಬಳಕೆಯಲ್ಲಿದ್ದುದರಿಂದ ‘ಡನ್’ ಬಂದಿತು.

ಏಳನೆಯ ಆವೃತ್ತಿಯ ‘ಟೆಸ್ಟ್’ ಕಮಾಂಡಿನ ಆಕರದಲ್ಲೇ ಒಂದು ಜಾಣತನವಿತ್ತು. ಆ ಕಮಾಂಡನ್ನು [ ಎಂಬ ಹೆಸರಿನಿಂದ ಕರೆದರೆ ಅದು ಕೊನೆಯಲ್ಲಿ ] ಇದೆಯೆ ಎಂದು ನೋಡುತ್ತಿತ್ತು. ಹೀಗಾಗಿ ಆವರಣ ಚಿಹ್ನೆಯಂತೆ ಕಾಣುವ [ ವಾಸ್ತವವಾಗಿ ಒಂದು ಕಮಾಂಡಿನ ಹೆಸರು. ಇಂದಿಗೂ ಲಿನಕ್ಸ್ ಗಣಕಗಳಲ್ಲಿ ಆ ಹೆಸರಿನ ಕಡತವೊಂದು ಇತರ ಕಮಾಂಡುಗಳ ಪಕ್ಕದಲ್ಲಿ ಕುಳಿತಿರುತ್ತದೆ. ಸಿಸ್ಟಮ್ 3 ಆವೃತ್ತಿಯಿಂದ ಶೆಲ್ ಈ ಕಮಾಂಡನ್ನು ತನ್ನೊಳಗೇ ಇರಿಸಿಕೊಂಡಿತಾದರೂ ಅದರ ಸ್ವಭಾವ ಬದಲಾಗಲಿಲ್ಲ. [ ನಂತರವೂ ] ಮೊದಲೂ, ಸಮಚಿಹ್ನೆಯ ಎರಡೂ ಬದಿಗೂ ಜಾಗ ಬಿಡಲೇಬೇಕೆಂಬ ನಿಯಮದ ಮೂಲ ಇಲ್ಲಿದೆ. ಕಮಾಂಡಿನ ಹೆಸರಿಗೂ ಅದಕ್ಕೆ ಕೊಡುವ ಪದಗಳಿಗೂ ನಡುವೆ ಜಾಗ ಬೇಕಾಗುವುದು ಸಹಜ.

3. ಮೂರು ಬಗೆಯ ಪ್ರಶ್ನೆಗಳು

ಹಳ್ಳಿಯ ವ್ಯವಹಾರದಲ್ಲಿ ಪ್ರತಿಯೊಂದು ಪರೀಕ್ಷೆಗೂ ಅದರದೇ ಸಾಧನವಿತ್ತು. ಚಿನ್ನದ ಅಪ್ಪಟತನಕ್ಕೆ ಒರೆಗಲ್ಲು, ತೂಕಕ್ಕೆ ತಕ್ಕಡಿ, ಧಾನ್ಯದ ಅಳತೆಗೆ ಕೊಳಗ. ಒರೆಗಲ್ಲು ತೂಕವನ್ನು ಹೇಳದು, ಕೊಳಗ ಅಪ್ಪಟತನವನ್ನು ಹೇಳದು. 1979ರ ‘ಟೆಸ್ಟ್’ ಕಮಾಂಡಿನಲ್ಲಿಯೂ ಚಿಹ್ನೆಗಳು ಇದೇ ರೀತಿ ಮೂರು ಗುಂಪುಗಳಾಗಿ ನಿಂತಿವೆ.

ಮೊದಲನೆಯ ಗುಂಪು ಕಡತಗಳ ಕುರಿತದ್ದು. ‘-ಎಫ್’ ಎಂದರೆ ಈ ಹೆಸರಿನ ಸಾಮಾನ್ಯ ಕಡತವಿದೆಯೆ? ‘-ಡಿ’ ಎಂದರೆ ಅದು ಕಡತಗಳನ್ನು ಇರಿಸುವ ಕೋಶವೆ? ‘-ಎಸ್’ ಎಂದರೆ ಅದರಲ್ಲಿ ಏನಾದರೂ ತುಂಬಿದೆಯೆ? ‘-ಆರ್’ ಮತ್ತು ‘-ಡಬ್ಲ್ಯೂ’ ಎಂದರೆ ಓದಲು, ಬರೆಯಲು ಅನುಮತಿಯಿದೆಯೆ? ಯಾವ ಬಗೆಯದೇ ಆಗಲಿ, ಇದೆಯೆ ಎಂದಷ್ಟೇ ಕೇಳುವ ‘-ಈ’ ಆಗ ಇರಲಿಲ್ಲ. ಅದು ತಡವಾಗಿ ಸೇರಿ 1992ರ ಪಾಸಿಕ್ಸ್ ಮಾನಕದಲ್ಲಿ ಸ್ಥಾನ ಪಡೆಯಿತು.

ಎರಡನೆಯ ಗುಂಪು ಅಕ್ಷರಗಳ ಸಾಲಿನ ಕುರಿತದ್ದು. = ಎಂದರೆ ಎರಡು ಸಾಲುಗಳು ಅಕ್ಷರಶಃ ಒಂದೇ; != ಎಂದರೆ ಒಂದಲ್ಲ; ‘-ಝಡ್’ ಎಂದರೆ ಸಾಲು ಖಾಲಿ; ‘-ಎನ್’ ಎಂದರೆ ಖಾಲಿಯಲ್ಲ.

ಮೂರನೆಯ ಗುಂಪು ಸಂಖ್ಯೆಗಳದು: ‘-ಈಕ್ಯೂ’ ಸಮ, ‘-ಎನ್‌ಈ’ ಅಸಮ, ‘-ಜಿಟಿ’ ಹೆಚ್ಚು, ‘-ಜಿಈ’ ಹೆಚ್ಚು ಅಥವಾ ಸಮ, ‘-ಎಲ್‌ಟಿ’ ಕಡಿಮೆ, ‘-ಎಲ್‌ಈ’ ಕಡಿಮೆ ಅಥವಾ ಸಮ. ಇದೇ ಎರಡೆರಡು ಅಕ್ಷರಗಳು ಫೋರ್ಟ್ರಾನ್ ಭಾಷೆಯಲ್ಲಿಯೂ ಇದ್ದವು. ಗಣಿತದ < ಮತ್ತು > ಚಿಹ್ನೆಗಳನ್ನು ನೇರವಾಗಿ ಬಳಸುವಂತಿರಲಿಲ್ಲ, ಏಕೆಂದರೆ ಶೆಲ್‌ನಲ್ಲಿ ಅವು ಕಡತದಿಂದ ಓದುವ, ಕಡತಕ್ಕೆ ಬರೆಯುವ ಸಂಜ್ಞೆಗಳು. ಒಂದು ಆವರಣದ ಪರೀಕ್ಷೆಯೊಳಗೆ ‘9 > 7’ ಎಂದು ಬರೆದರೆ ಹೋಲಿಕೆ ನಡೆಯುವುದಿಲ್ಲ. ‘7’ ಎಂಬ ಹೆಸರಿನ ಖಾಲಿ ಕಡತವೊಂದು ಹುಟ್ಟಿಕೊಳ್ಳುತ್ತದೆ.

ಎರಡನೆಯ ಮತ್ತು ಮೂರನೆಯ ಗುಂಪುಗಳ ನಡುವಿನ ಭೇದ ಸಂಗ್ರಾಹಕರಿಗೆ ಮುಖ್ಯವಾದದ್ದು. ಒಂದು ಧ್ವನಿಸುರುಳಿಯ ಮೇಲೆ ‘07’ ಎಂದೂ ಅದರ ಪಟ್ಟಿಯಲ್ಲಿ ‘7’ ಎಂದೂ ಬರೆದಿದ್ದರೆ, = ಅವನ್ನು ಬೇರೆ ಎನ್ನುತ್ತದೆ; ‘-ಈಕ್ಯೂ’ ಒಂದೇ ಎನ್ನುತ್ತದೆ. ಕ್ರಮಸಂಖ್ಯೆಯನ್ನು ಹೆಸರೆಂದು ತಿಳಿಯಬೇಕೆ, ಎಣಿಕೆಯೆಂದು ತಿಳಿಯಬೇಕೆ ಎಂಬುದನ್ನು ಗಣಕ ತೀರ್ಮಾನಿಸದು. ಚಿಹ್ನೆಯನ್ನು ಆರಿಸಿದವರು ತೀರ್ಮಾನಿಸಿರುತ್ತಾರೆ.

4. ಖಾಲಿ ಮಾತಿನ ಅಪಾಯ

ಶೆಲ್, ಪರೀಕ್ಷೆಗೆ ಮೊದಲು ಚರಗಳ ಜಾಗದಲ್ಲಿ ಅವುಗಳ ಬೆಲೆಯನ್ನು ತುಂಬುತ್ತದೆ. ಆ ಬೆಲೆಯೊಳಗೆ ಜಾಗವಿದ್ದರೆ ಅದನ್ನು ತುಂಡುಗಳಾಗಿಯೂ ಒಡೆಯುತ್ತದೆ. ಊರಿನ ಹೆಸರನ್ನು ಹೊತ್ತ ಚರದಲ್ಲಿ ‘ಉಲ್ಲಾಳ ಕೆರೆ’ ಎಂದಿದ್ದು, ಅದನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇರಿಸದಿದ್ದರೆ, ಒಂದು ಪದವೆಂದು ಕೊಟ್ಟದ್ದು ಎರಡು ಪದವಾಗಿ ‘ಟೆಸ್ಟ್’ನ ಮುಂದೆ ಬರುತ್ತದೆ; ಅದು ದೋಷವೆಂದು ಹೇಳಿ 2 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಚರವು ಪೂರ್ತಿ ಖಾಲಿಯಿದ್ದರೆ ಅಪಾಯ ಇನ್ನೂ ಸೂಕ್ಷ್ಮ. ‘-ಎಫ್’ನ ಮುಂದೆ ಬರಬೇಕಾದ ಕಡತದ ಹೆಸರು ಮಾಯವಾಗಿ ಆವರಣದೊಳಗೆ ‘-ಎಫ್’ ಒಂದೇ ಉಳಿಯುತ್ತದೆ. ಒಂದೇ ಪದ ಸಿಕ್ಕಿದಾಗ ‘ಟೆಸ್ಟ್’ ಕೇಳುವ ಪ್ರಶ್ನೆಯೇ ಬೇರೆ: ಈ ಪದ ಖಾಲಿಯಲ್ಲವಷ್ಟೆ? ‘-ಎಫ್’ ಎಂಬುದು ಖಾಲಿಯಲ್ಲದ ಪದ. ಆದ್ದರಿಂದ ಉತ್ತರ ಹೌದು. ಇಲ್ಲದ ಕಡತವೊಂದು ಇದೆಯೆಂದು ಸಾಬೀತಾಗಿಬಿಡುತ್ತದೆ. ಇಲ್ಲಿ ದೋಷದ ಸೂಚನೆಯೂ ಇಲ್ಲ.

ಜಾಗ ಬಿಡದೆ ಬರೆದಾಗಲೂ ಹೀಗೆಯೇ. ಆವರಣದೊಳಗೆ ‘ಉಲ್ಲಾಳ=ಕೆಂಗೇರಿ’ ಎಂದು ಒತ್ತಾಗಿ ಬರೆದರೆ ಅದು ಹೋಲಿಕೆಯಾಗದೆ ಒಂದೇ ಪದವಾಗುತ್ತದೆ, ಖಾಲಿಯಲ್ಲದ ಪದವಾದ್ದರಿಂದ ಸತ್ಯವೂ ಆಗುತ್ತದೆ.

ಇಂತಹ ಅಪಾಯಗಳಿಂದ ಪಾರಾಗಲು ಹಳೆಯ ಶೆಲ್ ಬರಹಗಾರರು ಒಂದು ಆಚಾರವನ್ನು ಬೆಳೆಸಿಕೊಂಡರು. ಹೋಲಿಸುವ ಎರಡೂ ಬದಿಗಳ ಮುಂದೆ ‘ಎಕ್ಸ್’ ಎಂಬ ಅಕ್ಷರವನ್ನು ಅಂಟಿಸುವುದು. ಚರ ಖಾಲಿಯಾಗಿದ್ದರೂ, ಅದರ ಬೆಲೆ ಅಡ್ಡಗೆರೆಯಿಂದ ಆರಂಭವಾಗಿ ಪರೀಕ್ಷಾ ಚಿಹ್ನೆಯಂತೆ ಕಂಡರೂ, ಮುಂದಿನ ‘ಎಕ್ಸ್’ ಅದನ್ನು ಕಾಯುತ್ತದೆ. ಪದಗಳ ಸಂಖ್ಯೆಯನ್ನು ಆಧರಿಸಿ ಅರ್ಥ ನಿರ್ಧರಿಸುವ ಸ್ಪಷ್ಟ ನಿಯಮವನ್ನು ಪಾಸಿಕ್ಸ್ ಮಾನಕ ತಂದ ಮೇಲೆ, ಉದ್ಧರಣ ಚಿಹ್ನೆಯನ್ನು ಸರಿಯಾಗಿ ಬಳಸುವವರಿಗೆ ಈ ಕಾವಲು ಅಗತ್ಯವಿಲ್ಲ. ಆದರೂ ಸ್ಕ್ರಿಪ್ಟಿನಿಂದ ಸ್ಕ್ರಿಪ್ಟಿಗೆ ನಕಲಾಗುತ್ತ ಅದು ಇಂದಿಗೂ ಉಳಿದುಬಂದಿದೆ. ಬರೆಯುವ ಅನೇಕರಿಗೆ ಅದರ ಕಾರಣ ತಿಳಿಯದು. ಕಾರಣ ಅಳಿದ ಮೇಲೂ ಆಚರಣೆ ಉಳಿಯುವುದು ಜಾನಪದ ಅಧ್ಯಯನಕ್ಕೆ ಚಿರಪರಿಚಿತ ಸಂಗತಿ. ಲಿಖಿತ ಗಣಕ ಭಾಷೆಯಲ್ಲಿಯೂ ಅದು ನಡೆದಿರುವುದು ಗಮನಾರ್ಹ.

ಭಾಷೆಯ ಮಟ್ಟದಲ್ಲಿ ಪರಿಹಾರ ಹುಡುಕಿದವರು ಡೇವಿಡ್ ಕಾರ್ನ್. ಅವರ ಶೆಲ್‌ನ 1988ರ ಆವೃತ್ತಿಯಲ್ಲಿ ಜೋಡಿ ಆವರಣ [[ ]] ಬಂದಿತು. ಇದು ಕಮಾಂಡಲ್ಲ, ಭಾಷೆಯ ಅಂಗ. ಒಳಗಿನ ಚರ ತುಂಡಾಗುವುದಿಲ್ಲ, ಖಾಲಿಯಾದರೂ ಮಾಯವಾಗುವುದಿಲ್ಲ, < ಮತ್ತು > ಕಡತವನ್ನು ಸೃಷ್ಟಿಸುವುದಿಲ್ಲ. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಶೆಲ್ ಇದನ್ನು 1998ರ ಹೊತ್ತಿಗೆ ಸ್ವೀಕರಿಸಿತು. ಆದರೆ ಇದು ಪಾಸಿಕ್ಸ್ ಮಾನಕದ ಮೂಲ ಶೆಲ್ ಭಾಷೆಯಲ್ಲಿಲ್ಲ. 2006ರಲ್ಲಿ ಉಬುಂಟು ವ್ಯವಸ್ಥೆ ತನ್ನ ಮೂಲ ಶೆಲ್ ಆಗಿ ಡ್ಯಾಶ್ ಅನ್ನು ಆರಿಸಿಕೊಂಡಾಗ, ಬ್ಯಾಶ್‌ಗೆಂದು ಬರೆದ ಅನೇಕ ಸ್ಕ್ರಿಪ್ಟುಗಳು ಅಲ್ಲಿ ಎಡವಿದವು. ಡ್ಯಾಶ್‌ಗೆ [[ ಎಂಬ ಕಮಾಂಡು ಸಿಗುವುದಿಲ್ಲ, ಸಿಗಲಿಲ್ಲವೆಂಬ ಸಂಖ್ಯೆಯನ್ನು ‘ಇಫ್’ ಎಂದಿನಂತೆ ‘ಅಲ್ಲ’ ಎಂದು ಓದುತ್ತದೆ.

ಎರಡು ಆವರಣಗಳ ನಡುವೆ ಅರ್ಥಭೇದವೂ ಇದೆ. ಬ್ಯಾಶ್‌ನಲ್ಲಿ ಒಂಟಿ ಆವರಣದ ‘-ಈಕ್ಯೂ’ 010 ಮತ್ತು 10 ಸಮ ಎನ್ನುತ್ತದೆ. ಜೋಡಿ ಆವರಣದಲ್ಲಿ ಸೊನ್ನೆಯಿಂದ ಆರಂಭವಾದ ಸಂಖ್ಯೆ ಎಂಟರ ಮೂಲದ ಲೆಕ್ಕವಾಗುವುದರಿಂದ 010ರ ಬೆಲೆ 8 ಆಗಿ, ಸಮವಲ್ಲ ಎನ್ನುತ್ತದೆ. 08 ಮತ್ತು 09ಕ್ಕೆ ದೋಷವನ್ನೇ ತೋರಿಸುತ್ತದೆ. ಧ್ವನಿಸುರುಳಿಗಳಿಗೆ 001ರಿಂದ ಕ್ರಮಸಂಖ್ಯೆ ಕೊಡುವ ಸಂಗ್ರಹಾಲಯದಲ್ಲಿ 007ರವರೆಗೆ ನೆಟ್ಟಗೆ ನಡೆದ ಸ್ಕ್ರಿಪ್ಟ್ 008ರಲ್ಲಿ ಮುಗ್ಗರಿಸುವುದು ಇದರಿಂದಲೇ. ಪರೀಕ್ಷೆಗಳನ್ನು ಒಂಟಿ ಆವರಣದೊಳಗೇ ಜೋಡಿಸುವ ‘-ಎ’ (ಮತ್ತು) ಹಾಗೂ ‘-ಓ’ (ಅಥವಾ) ಚಿಹ್ನೆಗಳೂ ಇದೇ ಬಗೆಯ ಸಂದಿಗ್ಧಕ್ಕೆ ಕಾರಣವಾಗಿ, 2008ರ ಪಾಸಿಕ್ಸ್‌ನಲ್ಲಿ ಕೈಬಿಡಬೇಕಾದವೆಂದು ಗುರುತಿಸಲ್ಪಟ್ಟು 2024ರ ಆವೃತ್ತಿಯಲ್ಲಿ ಮಾನಕದಿಂದ ಹೊರಬಿದ್ದವು. ಅವುಗಳ ಬದಲಿಗೆ ಎರಡು ಬೇರೆ ಪರೀಕ್ಷೆಗಳನ್ನು && ಅಥವಾ || ಮೂಲಕ ಜೋಡಿಸುವುದು ಸುರಕ್ಷಿತ ಕ್ರಮ.

5. ಕರ್ನಾಟಕಕ್ಕೆ ಬಂದ ಬಗೆ

ಈ ಚಿಹ್ನೆಗಳು ಕರ್ನಾಟಕಕ್ಕೆ ಬಂದದ್ದು ಪ್ರಯೋಗಾಲಯ, ತರಗತಿ ಮತ್ತು ಉತ್ಸಾಹಿಗಳ ಕೂಟ ಎಂಬ ಮೂರು ದಾರಿಗಳಿಂದ ಎನ್ನಬಹುದು. 1986ರಲ್ಲಿ ಆರಂಭವಾದ ಅರ್ನೆಟ್ ಶೈಕ್ಷಣಿಕ ಜಾಲದ ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜಾಲದ ಆರಂಭದ ಮಿಂಚಂಚೆ ಯೂನಿಕ್ಸ್ ಗಣಕಗಳಿಂದ ಯೂನಿಕ್ಸ್ ಗಣಕಗಳಿಗೆ ಸಾಗಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದ ಅಡಿಯಲ್ಲಿ ಬಂದವು. ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಯೂನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಒಂದು ಪ್ರತ್ಯೇಕ ವಿಷಯವಾಯಿತು. ಉಲ್ಲಾಳದ ಮಗ್ಗುಲಲ್ಲಿರುವ ಮಲ್ಲತ್ತಹಳ್ಳಿಯಲ್ಲಿ 1980ರಲ್ಲಿ ಆರಂಭವಾದ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯದಂತಹ ಸಂಸ್ಥೆಗಳು ಇರುವ ಈ ಪಶ್ಚಿಮ ಬೆಂಗಳೂರಿನಲ್ಲಿ ಒಂದು ಕಡೆ ಜ್ಞಾನಭಾರತಿಯ ಕನ್ನಡ ಅಧ್ಯಯನವೂ ಇನ್ನೊಂದು ಕಡೆ ಇಂಜಿನಿಯರಿಂಗ್ ಕಲಿಕೆಯೂ ಒಂದೆರಡು ಕಿಲೋಮೀಟರುಗಳ ಅಂತರದಲ್ಲಿ ಬೆಳೆದವು. ಸುಮಿತಾಭ ದಾಸ್ ಮತ್ತು ಯಶವಂತ ಕಾನೇಟ್ಕರ್ ಅವರ ಇಂಗ್ಲಿಷ್ ಪಠ್ಯಗಳು ವಿದ್ಯಾರ್ಥಿಗಳ ಕೈಪಿಡಿಗಳಾದವು. 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮಾವೇಶ 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆದು ಮುಕ್ತ ತಂತ್ರಾಂಶದ ಬಳಗವನ್ನು ಒಂದೆಡೆ ಸೇರಿಸಿತು.

ಈ ಕಲಿಕೆಯಲ್ಲಿ ಉದಾಹರಣೆಗಳೆಲ್ಲ ಇಂಗ್ಲಿಷ್ ಅಕ್ಷರಗಳವು. ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಲೆಕ್ಕದಲ್ಲಿ = ಚಿಹ್ನೆಗೂ ಕಣ್ಣಿಗೂ ಭಿನ್ನಾಭಿಪ್ರಾಯ ಬರುವ ಪ್ರಸಂಗ ಕಡಿಮೆ. ಕನ್ನಡ ಪಠ್ಯದಲ್ಲಿ ಹಾಗಲ್ಲ.

6. ಕಣ್ಣಿಗೆ ಒಂದು, ಬೈಟಿಗೆ ಎರಡು

‘ಉಲ್ಲಾಳ’ ಎಂಬ ಪದದಲ್ಲಿ ಓದುಗರಿಗೆ ಕಾಣುವುದು ಉ, ಲ್ಲಾ, ಳ ಎಂಬ ಮೂರು ಅಕ್ಷರಗಳು. ಯೂನಿಕೋಡ್ ಕ್ರಮದಲ್ಲಿ ಅದು ಆರು ಸಂಕೇತಗಳ ಸಾಲು: ಉ, ಲ, ಹಲಂತ ಚಿಹ್ನೆ, ಲ, ಆಕಾರದ ಚಿಹ್ನೆ, ಳ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳಂತೆ ಒಟ್ಟು 18 ಬೈಟುಗಳು. ‘ಉಲ್ಲಾಳು’ವಿಗೆ 21. = ಚಿಹ್ನೆ ನೋಡುವುದು ಈ ಸಾಲನ್ನು ಮಾತ್ರ. ಊರನ್ನಲ್ಲ, ಉಚ್ಚಾರಣೆಯನ್ನಲ್ಲ.

ಉಲ್ಲಾಳ ಮತ್ತು ಉಲ್ಲಾಳು ಕಣ್ಣಿಗೂ ಬೇರೆಯಾದ್ದರಿಂದ ಇದನ್ನು ಊಹಿಸಬಹುದು. ಪಕ್ಕದ ‘ಕೆಂಗೇರಿ’ಯ ಸಂಗತಿ ಇನ್ನೂ ಜಟಿಲ. ಇದರ ‘ಗೇ’ ಅಕ್ಷರದ ಏಕಾರವನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಒಪ್ಪುತ್ತದೆ, ಎಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಒಪ್ಪುತ್ತದೆ. ಎರಡೂ ಸಮಾನವೆಂದು ಯೂನಿಕೋಡ್ ಮಾನಕವೇ ಸಾರುತ್ತದೆ. ಪರದೆಯ ಮೇಲೂ ಕಾಗದದ ಮೇಲೂ ವ್ಯತ್ಯಾಸ ಕಾಣದು. ಆದರೆ ಒಂದು 21 ಬೈಟುಗಳ ಕೆಂಗೇರಿ, ಇನ್ನೊಂದು 24 ಬೈಟುಗಳ ಕೆಂಗೇರಿ. ಶೆಲ್‌ನ = ಇವನ್ನು ಬೇರೆ ಎನ್ನುತ್ತದೆ. ಈ, ಏ, ಐ, ಒ, ಓ ಸ್ವರಚಿಹ್ನೆಗಳಿಗೆಲ್ಲ ಈ ಎರಡು ರೂಪಗಳ ಸಾಧ್ಯತೆಯಿದೆ. ಇದು ಕೇವಲ ಕಲ್ಪನೆಯಲ್ಲ. ಮ್ಯಾಕ್ ಗಣಕಗಳಲ್ಲಿ 1998ರಿಂದ ಬಳಕೆಗೆ ಬಂದು, 2017ರಲ್ಲಿ ಹೊಸ ವ್ಯವಸ್ಥೆಗೆ ಎಡೆ ಮಾಡಿಕೊಟ್ಟ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ, ಕಡತಗಳ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇರಿಸುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ನಕಲಾದ ‘ಕೆಂಗೇರಿ’ ಎಂಬ ಕಡತವನ್ನು ಕೀಲಿಮಣೆಯಿಂದ ಬರೆದ ‘ಕೆಂಗೇರಿ’ಯಿಂದ ‘-ಎಫ್’ ಪರೀಕ್ಷೆಗೆ ಒಡ್ಡಿದರೆ, ಕಣ್ಣೆದುರಿಗೇ ಇರುವ ಕಡತ ಇಲ್ಲವೆಂಬ ಉತ್ತರ ಬರುತ್ತದೆ.

ಕಾಣದ ಸಂಕೇತಗಳ ಸಮಸ್ಯೆ ಇನ್ನೊಂದು ಬಗೆಯದು. ಕನ್ನಡ ಬರವಣಿಗೆಯಲ್ಲಿ ಒತ್ತಕ್ಷರ ಕೂಡದಂತೆ ತಡೆಯಲು ಬಳಸುವ ಅಗೋಚರ ಸಂಕೇತವೊಂದಿದೆ. ಪದದ ಕೊನೆಯ ವ್ಯಂಜನದ ನಂತರ ಅದು ಉಳಿದುಬಿಟ್ಟರೆ ಕಣ್ಣಿಗೆ ತಿಳಿಯದು. ಹೋಲಿಕೆಯಲ್ಲಿ ಮಾತ್ರ ಪದ ಬೇರೆಯಾಗುತ್ತದೆ. ಒಂದು ಚರದಲ್ಲಿ ಅದೊಂದೇ ಇದ್ದರೆ, ನೋಡುವವರಿಗೆ ಖಾಲಿ, ‘-ಝಡ್’ಗೆ ಖಾಲಿಯಲ್ಲ. ಸ್ವರಚಿಹ್ನೆಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್‌ನ ಸಾಮಾನ್ಯೀಕರಣ ಕ್ರಮ ಇದನ್ನು ತೆಗೆಯುವುದಿಲ್ಲ.

ಅಂಕಿಗಳ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ‘-ಈಕ್ಯೂ’ ಬಲ್ಲದ್ದು 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ. ಕನ್ನಡ ಅಂಕಿಯಲ್ಲಿ ೭ ಎಂದು ಬರೆದ ಸುರುಳಿಯ ಸಂಖ್ಯೆಯನ್ನು 7ರೊಡನೆ ಹೋಲಿಸಿದರೆ, ಬ್ಯಾಶ್‌ನ ಒಂಟಿ ಆವರಣ ಅದು ಸಂಖ್ಯೆಯೇ ಅಲ್ಲವೆಂದು ದೂರಿ 2 ಅನ್ನು ಹಿಂದಿರುಗಿಸುತ್ತದೆ. ‘ಇಫ್’ ಅದನ್ನು ‘ಅಲ್ಲ’ ಎಂದು ಓದುತ್ತದೆ. ಹೂವು ಬೀಳದ್ದನ್ನು ಎಡಗಡೆ ಬಿದ್ದಂತೆ ತಿಳಿಯುವ ಪ್ರಸಂಗ ಇದೇ. ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಕನ್ನಡ ಅಂಕಿಗಳನ್ನು ಬಳಸುವುದು ಅನೇಕ ಸಂಗ್ರಾಹಕರ ರೂಢಿಯಾದ್ದರಿಂದ, ಇಂತಹ ಕಡೆ ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಇನ್ನು ‘ನುಡಿ’ಯಂತಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ಸಂಕೇತ ನಿಲ್ಲುವುದು ಅಕ್ಷರಕ್ಕಲ್ಲ, ಅಕ್ಷರದ ಆಕಾರದ ತುಣುಕಿಗೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಮೊದಲು ಹೊಸ ಕಡತಗಳೊಡನೆ ಹೋಲಿಸುವುದು ವ್ಯರ್ಥ.

7. ಪಾಠಾಂತರ ಮತ್ತು ನಕಲು

ಶಿಷ್ಟ ಗ್ರಂಥದ ಸಂಪಾದಕರು ಹಲವು ಹಸ್ತಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ನಿರ್ಧರಿಸಲು ಶ್ರಮಿಸುತ್ತಾರೆ. ಜಾನಪದದಲ್ಲಿ ಪಾಠಾಂತರವೇ ಸಂಪತ್ತು. ಮಂಟೇಸ್ವಾಮಿ ಅಥವಾ ಮಲೆ ಮಾದೇಶ್ವರರ ಕಾವ್ಯವನ್ನು ನೀಲಗಾರರೂ ದೇವರಗುಡ್ಡರೂ ಹಾಡುವಾಗ, ಗಾಯಕರಿಂದ ಗಾಯಕರಿಗೆ, ಊರಿನಿಂದ ಊರಿಗೆ ಸಾಲುಗಳು ಬದಲಾಗುತ್ತವೆ. ಎರಡು ಪಾಠಗಳ ನಡುವೆ ಒಂದು ಪದ, ಒಂದು ಸ್ವರ ಬೇರೆಯಾದರೂ ಅದು ಪ್ರದೇಶವನ್ನು, ಗುರುಪರಂಪರೆಯನ್ನು ಸೂಚಿಸಬಲ್ಲದು. ಆದರೆ ಬೆರಳಚ್ಚಿನ ಅಥವಾ ಸಂಕೇತದ ವ್ಯತ್ಯಾಸ ಪಾಠಾಂತರವಲ್ಲ. ಶೆಲ್‌ನ = ಚಿಹ್ನೆಗೆ ಈ ಎರಡರ ನಡುವಿನ ಭೇದ ತಿಳಿಯದು. ಸಂಕೇತ ಬೇರೆಯಾದ ಒಂದೇ ಪಾಠವನ್ನು ಅದು ಎರಡೆಂದು ಎಣಿಸುತ್ತದೆ. ಹೆಸರು ಒಂದೇ ಆದ ಎರಡು ಪಾಠಗಳನ್ನು ಒಂದೆಂದು ತಿಳಿಯುತ್ತದೆ. ಕಡಲ ಕರೆಯ ಉಲ್ಲಾಳದಲ್ಲಿ ಸಂಗ್ರಹಿಸಿದ ಸಾಮಗ್ರಿಯೂ ಕೆಂಗೇರಿಯ ನೆರೆಯ ಉಲ್ಲಾಳದಲ್ಲಿ ಸಂಗ್ರಹಿಸಿದ ಸಾಮಗ್ರಿಯೂ ಊರಿನ ಹೆಸರಿನಿಂದಷ್ಟೇ ಕೋಶಗಳಿಗೆ ಹಂಚಿಕೆಯಾದರೆ ಒಂದೇ ಕೋಶದಲ್ಲಿ ಸೇರುತ್ತವೆ. ಒಂದರ ಮೇಲೊಂದು ಬರೆದುಕೊಂಡರೆ ಹಿಂದಿನದು ಉಳಿಯುವುದಿಲ್ಲ. ಹಾಡಿದವರು ಗತಿಸಿದ್ದರೆ ಮರುಸಂಗ್ರಹವೂ ಸಾಧ್ಯವಿಲ್ಲ.

ಯಾವ ಪ್ರತಿ ಮೂಲ ಎಂಬುದಕ್ಕೂ ಪರೀಕ್ಷಾ ಚಿಹ್ನೆಯನ್ನು ನಂಬಲಾಗದು. ‘-ಎನ್‌ಟಿ’ ಎಂಬ ಚಿಹ್ನೆ ಎರಡು ಕಡತಗಳಲ್ಲಿ ಯಾವುದು ಹೊಸದೆಂದು ಹೇಳುತ್ತದೆ. ಅದು ನೋಡುವುದು ಕಡತವನ್ನು ಕೊನೆಯ ಬಾರಿ ಬರೆದ ಸಮಯವನ್ನು. ಸಮಯವನ್ನು ಉಳಿಸುವಂತೆ ಸೂಚಿಸದೆ ನಕಲು ಮಾಡಿದರೆ ನಕಲೇ ಹೊಸದಾಗುತ್ತದೆ. ಹಾಡು ಹಳೆಯದು, ಧ್ವನಿಮುದ್ರಣ ನಂತರದ್ದು, ಬೆರಳಚ್ಚು ಅದಕ್ಕೂ ನಂತರದ್ದು, ನಕಲು ನಿನ್ನೆಯದು. ಚಿಹ್ನೆಗೆ ತಿಳಿದಿರುವುದು ನಿನ್ನೆಯದೊಂದೇ.

ಹಾಗೆಂದು ಈ ಸಾಧನಗಳನ್ನು ದೂರವಿರಿಸಬೇಕೆಂದಲ್ಲ. ಸಾವಿರಾರು ಕಡತಗಳಲ್ಲಿ ಖಾಲಿ ಉಳಿದವನ್ನು ‘-ಎಸ್’ ಕ್ಷಣದಲ್ಲಿ ಹುಡುಕಿಕೊಡುತ್ತದೆ. ಓದಲಾಗದ ಕಡತಗಳನ್ನು ‘-ಆರ್’ ತೋರಿಸುತ್ತದೆ. ಬ್ಯಾಶ್‌ನ ಜೋಡಿ ಆವರಣದಲ್ಲಿ == ಚಿಹ್ನೆಯ ಬಲಕ್ಕೆ ‘ಉಲ್ಲಾಳ*’ ಎಂಬ ಮಾದರಿಯನ್ನು ಉದ್ಧರಣ ಚಿಹ್ನೆಯಿಲ್ಲದೆ ಇಟ್ಟರೆ ಉಲ್ಲಾಳ, ಉಲ್ಲಾಳು, ಉಲ್ಲಾಳದಲ್ಲಿ, ಉಲ್ಲಾಳಿನ ಎಂಬ ರೂಪಗಳೆಲ್ಲ ಸಿಗುತ್ತವೆ. ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಸೇರುವ ಕನ್ನಡಕ್ಕೆ ಇದು ಅನುಕೂಲವಾದ ಪರೀಕ್ಷೆ. ಬೇಕಾದದ್ದು ಕ್ರಮ. ಮೊದಲು ಹಳೆಯ ಸಂಕೇತದ ಕಡತಗಳನ್ನು ಯೂನಿಕೋಡಿಗೆ ತರಬೇಕು. ಸ್ವರಚಿಹ್ನೆಗಳನ್ನು ಒಂದೇ ರೂಪಕ್ಕೆ ಸಾಮಾನ್ಯೀಕರಿಸಬೇಕು. ಕ್ರಮಸಂಖ್ಯೆಗಳಲ್ಲಿ ಕನ್ನಡ ಅಂಕಿಗಳನ್ನು ಪರಿವರ್ತಿಸಬೇಕು. ಊರಿನ ಹೆಸರಿನೊಡನೆ ತಾಲ್ಲೂಕು ಮತ್ತು ಜಿಲ್ಲೆಯನ್ನು ಸೇರಿಸಬೇಕು. ಮೂಲ ಕಡತವನ್ನು ಮುಟ್ಟದೆ ಈ ಕೆಲಸವೆಲ್ಲ ನಕಲಿನ ಮೇಲೆ ನಡೆಯಬೇಕು. ಅನಂತರವೇ ಹೋಲಿಕೆ. ಚರಗಳು ಉದ್ಧರಣ ಚಿಹ್ನೆಗಳ ನಡುವೆ ಇರಬೇಕು. 1 ಮತ್ತು 2 ಎಂಬ ಉತ್ತರಗಳನ್ನು ಬೇರೆ ಬೇರೆಯಾಗಿ ದಾಖಲಿಸಬೇಕು. = ಚಿಹ್ನೆ ‘ಒಂದೇ’ ಎಂದರೂ ‘ಬೇರೆ’ ಎಂದರೂ ಅದನ್ನು ಪಟ್ಟಿಗೆ ಸೇರಿಸಬೇಕೇ ಹೊರತು, ಆ ಉತ್ತರವನ್ನು ನೆಚ್ಚಿ ಯಾವ ಪಾಠವನ್ನೂ ಅಳಿಸಬಾರದು.

8. ಸಮಾರೋಪ

1975ರ ಆರನೆಯ ಆವೃತ್ತಿಯಲ್ಲಿ ಬೆರಳೆಣಿಕೆಯಷ್ಟಿದ್ದ ಪರೀಕ್ಷೆಗಳು 1979ರಲ್ಲಿ ಮೂರು ಗುಂಪುಗಳಾಗಿ ಬೆಳೆದು, 1988ರಲ್ಲಿ ಜೋಡಿ ಆವರಣವನ್ನು ಪಡೆದು, 1992, 2008 ಮತ್ತು 2024ರ ಮಾನಕಗಳಲ್ಲಿ ತಿದ್ದುಪಡಿಗೊಂಡು ಬಂದಿವೆ. ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ಪ್ರತಿಯೊಂದು ಬದಲಾವಣೆಯೂ ಒಂದು ಪ್ರಶ್ನೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಪ್ರಯತ್ನವಾಗಿರುವುದು ಕಂಡುಬರುತ್ತದೆ. ಸಂಖ್ಯೆ ಸಮವೆ ಎಂಬುದು ಅಕ್ಷರ ಸಮವೆ ಎಂಬುದರಿಂದ ಬೇರೆಯಾಯಿತು; ಖಾಲಿ ಪದ ಇಲ್ಲದ ಪದದಿಂದ ಬೇರೆಯಾಯಿತು; ‘ಅಲ್ಲ’ ಎಂಬುದು ‘ಪ್ರಶ್ನೆ ತಪ್ಪು’ ಎಂಬುದರಿಂದ ಬೇರೆಯಾಯಿತು. ಸಂಕೇತ ಸಮವೆ, ಪಾಠ ಸಮವೆ, ಊರು ಸಮವೆ ಎಂಬ ಮೂರು ಪ್ರಶ್ನೆಗಳನ್ನು ಬೇರ್ಪಡಿಸುವ ಕೆಲಸ ಮಾತ್ರ ಶೆಲ್‌ನಲ್ಲಿ ಇನ್ನೂ ಆಗಿಲ್ಲ, ಆಗುವಂತಹುದೂ ಅಲ್ಲ. ಮೊದಲನೆಯದನ್ನು ಗಣಕಕ್ಕೆ ಒಪ್ಪಿಸಬಹುದು. ಎರಡನೆಯದಕ್ಕೆ ಹಾಡನ್ನು ಕೇಳಿಬಲ್ಲವರು ಬೇಕು, ಮೂರನೆಯದಕ್ಕೆ ಊರನ್ನು ಕಂಡವರು ಬೇಕು. ಕರ್ನಾಟಕದ ಜಾನಪದ ಸಂಗ್ರಹಗಳ ಗಣಕೀಕರಣಕ್ಕೆ ತಂತ್ರಜ್ಞರನ್ನು ನೇಮಿಸುವ ಸಂಸ್ಥೆಗಳು, ಅವರ ಪಕ್ಕದಲ್ಲಿ ಕ್ಷೇತ್ರಕಾರ್ಯ ಮಾಡಿದ ಒಬ್ಬರನ್ನಾದರೂ ಕೂರಿಸುವುದು ಈ ಕಾರಣದಿಂದ ಅಗತ್ಯವಾಗುತ್ತದೆ.